ಅಪಸ್ಮಾರದ ಔಷಧವೂ ಅರ್ಬುದರೋಗವೂ

ಒಂದು ವ್ಯಾಧಿಗೆಂದು ಏರ್ಪಟ್ಟ ಔಷಧವು ಮತ್ತೊಂದಕ್ಕೆ ಉಪಯುಕ್ತವಾಗುವುದು ವೈದ್ಯಶಾಸ್ತ್ರದಲ್ಲಿ ಅಪೂರ್ವವಲ್ಲ. ವಾಲ್ಪ್ರೋಯಿಕ್ ಆಮ್ಲದ ಚರಿತ್ರೆಯಾದರೋ ಇನ್ನೂ ವಿಚಿತ್ರವಾದುದು. 1882ರಲ್ಲಿ ಬರ್ಟನ್ ಎಂಬ ರಸಾಯನಜ್ಞನು ಇದನ್ನು ಮೊದಲು ತಯಾರಿಸಿದನು. ಅಲ್ಲಿಂದ ಎಂಬತ್ತು ವರ್ಷಗಳವರೆಗೆ ಇದನ್ನು ಔಷಧವೆಂದು ಯಾರೂ ಎಣಿಸಲಿಲ್ಲ; ನೀರಿನಲ್ಲಿ ಕರಗದ ವಸ್ತುಗಳನ್ನು ಕರಗಿಸುವ ದ್ರವವಾಗಿ ಮಾತ್ರ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದ್ದಿತು. 1962ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಪಿಯರ್ ಎಮಾರನು ಕೆಲವು ಸಂಯುಕ್ತಗಳನ್ನು ಇದರಲ್ಲಿ ಕರಗಿಸಿದನು. ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿ ಒಂದೊಂದೂ ಸೆಳವನ್ನು ತಡೆಯಿತು. ಗುಣವು ಕರಗಿದ ವಸ್ತುವಿನದಲ್ಲ, ಕರಗಿಸಿದ ದ್ರವದ್ದೇ ಎಂಬುದು ಹೀಗೆ ಗೊತ್ತಾಯಿತು. 1967ರಿಂದ ಫ್ರಾನ್ಸಿನಲ್ಲಿ ಇದು ಅಪಸ್ಮಾರದ ಔಷಧವಾಗಿ ಮಾರಾಟಕ್ಕೆ ಬಂದಿತು.

ಅರ್ಬುದದೊಡನೆ ಇದರ ಸಂಬಂಧವು ಹೊರಬಿದ್ದುದು 2001ರಲ್ಲಿ. ಜೀವಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಳೆಯು ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ, ಉರುಳೆಗೆ ಸುತ್ತಿದ ನೂಲಿನಂತೆ, ಸುತ್ತಿಕೊಂಡಿರುವುದು. ಹಿಸ್ಟೋನಿಗೆ ಅಸಿಟೈಲ್ ಗುಂಪುಗಳು ಸೇರಿದರೆ ಸುತ್ತು ಸಡಿಲವಾಗಿ ಆ ಭಾಗದ ಜೀನುಗಳು ಕಾರ್ಯಕ್ಕೆ ತೊಡಗುವುವು. ಅವನ್ನು ಕಿತ್ತುಹಾಕುವ ಕಿಣ್ವಗಳು ಸುತ್ತನ್ನು ಬಿಗಿಗೊಳಿಸುವುವು. ವಾಲ್ಪ್ರೋಯಿಕ್ ಆಮ್ಲವು ಈ ಕಿಣ್ವಗಳನ್ನೇ ತಡೆಯುವುದೆಂದು ಆ ವರ್ಷ ಎರಡು ಸಂಶೋಧಕ ಮಂಡಲಿಗಳು ಬೇರೆ ಬೇರೆಯಾಗಿ ತೋರಿಸಿದುವು. ಕೋಶವೃದ್ಧಿಗೆ ಕಡಿವಾಣವಾದ ಜೀನುಗಳು ಅರ್ಬುದದಲ್ಲಿ ಅನೇಕವೇಳೆ ಮೌನವಾಗಿರುವುದರಿಂದ, ಅವನ್ನು ಎಚ್ಚರಗೊಳಿಸಬಹುದೆಂಬ ಆಶೆ ಹುಟ್ಟಿದುದು ಸಹಜವೇ. ಆದರೆ ಗಾಜಿನ ಪಾತ್ರೆಯೇ ಬೇರೆ, ದೇಹವೇ ಬೇರೆ. ರೋಗಿಯ ರಕ್ತದಲ್ಲಿ ಇರಿಸುವ ಪ್ರಮಾಣವು ಮಿಲಿಲೀಟರಿಗೆ 50ರಿಂದ 100 ಮೈಕ್ರೋಗ್ರಾಂ. ಅದರಲ್ಲಿಯೂ ಬಹುಭಾಗವು ರಕ್ತದ ಪ್ರೋಟೀನಿಗೆ ಅಂಟಿಕೊಂಡು ಕೋಶಗಳಿಗೆ ದೊರೆಯದು.

ಮೆದುಳಿನ ಗ್ಲಿಯೋಬ್ಲಾಸ್ಟೋಮ ಎಂಬ ಉಗ್ರವಾದ ಗಂತಿಯಲ್ಲಿ ಅನೇಕರಿಗೆ ಸೆಳವು ಬರುವುದುಂಟು. ಆದುದರಿಂದ ಈ ಔಷಧವನ್ನು ಅವರು ಮೊದಲೇ ಸೇವಿಸುತ್ತಿದ್ದರು. ಹಳೆಯ ಚಿಕಿತ್ಸಾಪರೀಕ್ಷೆಯೊಂದರ ದಾಖಲೆಗಳನ್ನು ಮರಳಿ ಪರಿಶೀಲಿಸಿದವರು, ಇದನ್ನು ಸೇವಿಸಿದವರು ಹೆಚ್ಚುಕಾಲ ಬದುಕಿದಂತೆ ಕಾಣುವುದೆಂದು 2011ರಲ್ಲಿ ಪ್ರಕಟಿಸಿದರು. ಇಲ್ಲಿ ಎಚ್ಚರಿಕೆ ಅವಶ್ಯಕ. ಯಾರಿಗೆ ಔಷಧ, ಯಾರಿಗಿಲ್ಲ ಎಂಬುದನ್ನು ಚೀಟಿಯೆತ್ತಿ ನಿರ್ಣಯಿಸಿರಲಿಲ್ಲ; ಸೆಳವು ಬಂದವನ ಗಂತಿಯು ಬೇಗನೆ ಪತ್ತೆಯಾಗಿರಲೂಬಹುದು. ನಾಲ್ಕು ಪರೀಕ್ಷೆಗಳ 1,869 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ನೋಡಿದಾಗ ಆ ಲಾಭವು ಕಾಣಲಿಲ್ಲ.

ಆದಕಾರಣ ಸೆಳವಿಲ್ಲದ ರೋಗಿಗೆ ಆಯುಸ್ಸು ಹೆಚ್ಚೀತೆಂದು ಇದನ್ನು ಕೊಡಲು ಆಧಾರವಿಲ್ಲ. ಇದು ನಿರಪಾಯವಾದ ವಸ್ತುವೂ ಅಲ್ಲ: ಯಕೃತ್ತಿಗೆ ಹಾನಿಮಾಡಬಲ್ಲುದು, ರಕ್ತದ ಕಿರುಬಿಲ್ಲೆಗಳನ್ನು ತಗ್ಗಿಸಬಲ್ಲುದು, ಗರ್ಭಿಣಿಯು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ರಚನೆ ಕೆಡಬಹುದು. ಸೆಳವಿರುವವನ ವಿಷಯ ಬೇರೆ. ಫೆನಿಟಾಯಿನ್ ಮುಂತಾದ ಹಳೆಯ ಔಷಧಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಕೆಲವು ಅರ್ಬುದೌಷಧಗಳನ್ನು ಬೇಗನೆ ಕರಗಿಸಿಬಿಡುವುವು. ವಾಲ್ಪ್ರೋಯಿಕ್ ಆಮ್ಲವಾದರೋ ಕೆಲವನ್ನು ದೇಹದಲ್ಲಿ ಹೆಚ್ಚುಕಾಲ ಉಳಿಸುವುದು. ಅಂಥವನಿಗೆ ಯಾವುದನ್ನು ಕೊಡಬೇಕೆಂಬುದನ್ನು ವೈದ್ಯನು ಜೊತೆಯಲ್ಲಿ ನಡೆಯುವ ಅರ್ಬುದ ಚಿಕಿತ್ಸೆಯನ್ನು ನೋಡಿಕೊಂಡೇ ಗೊತ್ತುಮಾಡಬೇಕಾಗುವುದು.