ಹೃದಯದ ಪೊರೆಗೆ ಉರಿಯೂತ: ಪರೀಕ್ಷೆ, ಔಷಧಿ ಮತ್ತು ಮಾರುಕಟ್ಟೆ

ಹೃದಯಕ್ಕೆ ಹೊರಗೊಂದು, ಒಳಗೊಂದು ಪೊರೆಯಿದೆ. ಹೊರಗಿನದು ಎರಡು ಪದರದ ತೆಳುವಾದ ಚೀಲ. ಅದಕ್ಕೆ ಹೃದಯಾವರಣ ಎಂದು ಹೆಸರು. ಆರೋಗ್ಯವಂತರಲ್ಲಿ ಈ ಪದರಗಳ ನಡುವೆ 15ರಿಂದ 50 ಮಿಲಿಲೀಟರ್ ದ್ರವವಿರುತ್ತದೆ. ಹೃದಯ ಬಡಿಯುವಾಗ ಪದರಗಳು ಒಂದಕ್ಕೊಂದು ಉಜ್ಜದಂತೆ ಅದು ಕಾಪಾಡುತ್ತದೆ. ಒಳಗಿನ ಪೊರೆ ಹೃದಯದ ನಾಲ್ಕು ಕೋಣೆಗಳ ಒಳಗೋಡೆಯನ್ನೂ ಕವಾಟಗಳನ್ನೂ ಹೊದ್ದುಕೊಂಡಿದೆ. ಹೊರಪೊರೆಗೆ ಉರಿಯೂತ ಬಂದರೆ ಪೆರಿಕಾರ್ಡೈಟಿಸ್. ಒಳಪೊರೆಗೆ, ಹೆಚ್ಚಾಗಿ ಕವಾಟಗಳಿಗೆ, ಸೋಂಕು ತಗುಲಿದರೆ ಎಂಡೋಕಾರ್ಡೈಟಿಸ್.

ಎರಡೂ ಕಾಯಿಲೆಗಳು ಹೃದಯಾಘಾತದಷ್ಟು ಸಾಮಾನ್ಯವಲ್ಲ. ಹಾಗಾಗಿ ಬಹುಕಾಲ ಔಷಧಿ ಕಂಪನಿಗಳು ಇವುಗಳತ್ತ ಗಮನ ಹರಿಸಿರಲಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ಹೊರಪೊರೆಯ ಕಾಯಿಲೆಗೆ ಹೊಸ, ದುಬಾರಿ ಔಷಧಿಗಳ ಮಾರುಕಟ್ಟೆಯೇ ಹುಟ್ಟಿಕೊಂಡಿದೆ. ಒಳಪೊರೆಯ ಕಾಯಿಲೆಯಲ್ಲಿ ಹೊಸ ಔಷಧಿ ತರಲು ಹೊರಟ ಕಂಪನಿಯೊಂದು ಮುಚ್ಚಿಹೋಗಿದೆ. ಹಣ ಎತ್ತ ಹರಿಯುತ್ತಿದೆ, ರೋಗಿಗಳ ಅಗತ್ಯ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟು ನೋಡಿದಾಗಲೇ ಈ ಬದಲಾವಣೆ ಅರ್ಥವಾಗುತ್ತದೆ.

ಹೊರಪೊರೆಯ ರೋಗವನ್ನು ಗುರುತಿಸುವುದು

ಪೆರಿಕಾರ್ಡೈಟಿಸ್‌ನ ಮುಖ್ಯ ಲಕ್ಷಣ ಎದೆನೋವು. ಮಲಗಿದಾಗ, ದೀರ್ಘವಾಗಿ ಉಸಿರೆಳೆದಾಗ ಚುಚ್ಚಿದಂತೆ ನೋವು ಹೆಚ್ಚುತ್ತದೆ. ಎದ್ದು ಕುಳಿತು ಮುಂದಕ್ಕೆ ಬಾಗಿದರೆ ತಗ್ಗುತ್ತದೆ. ಸ್ಟೆತಾಸ್ಕೋಪಿನಲ್ಲಿ ಕೆಲವೊಮ್ಮೆ ತೊಗಲಿಗೆ ತೊಗಲು ತಿಕ್ಕಿದಂತಹ ಸದ್ದು ಕೇಳುತ್ತದೆ. ಇಸಿಜಿಯಲ್ಲಿ ಹೃದಯದ ಒಂದು ಭಾಗಕ್ಕೆ ಸೀಮಿತವಾಗದ, ಬಹುತೇಕ ಎಲ್ಲ ಕಡೆ ಹರಡಿದ ಬದಲಾವಣೆ ಕಾಣುತ್ತದೆ. ಎಕೋ ಪರೀಕ್ಷೆಯಲ್ಲಿ ಪದರಗಳ ನಡುವೆ ತುಂಬಿದ ನೀರು ಗೊತ್ತಾಗುತ್ತದೆ. ಈ ನಾಲ್ಕರಲ್ಲಿ ಎರಡು ಇದ್ದರೆ ರೋಗ ಖಚಿತವೆಂದು ವೈದ್ಯರು ಬಹುಕಾಲದಿಂದ ಲೆಕ್ಕ ಹಾಕುತ್ತ ಬಂದಿದ್ದಾರೆ. ಸಿಆರ್‌ಪಿ ಎಂಬ ರಕ್ತಪರೀಕ್ಷೆ ಉರಿಯೂತದ ಮಟ್ಟವನ್ನು ತಿಳಿಸುತ್ತದೆ.

ಇವೆಲ್ಲ ಹಳೆಯ, ಅಗ್ಗದ ಪರೀಕ್ಷೆಗಳು. ಅವುಗಳನ್ನು ಸಣ್ಣ ಊರುಗಳಿಗೂ ತಲುಪಿಸುವ ಪ್ರಯತ್ನದಲ್ಲಿ ಬೆಂಗಳೂರಿನ ಪಾಲಿದೆ. ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಒಯ್ಯಬಹುದಾದ ಮ್ಯಾಕ್ 400 ಎಂಬ ಇಸಿಜಿ ಯಂತ್ರವನ್ನು ಜಿಇ ಕಂಪನಿಯ ಎಂಜಿನಿಯರುಗಳು 2000ರ ದಶಕದಲ್ಲಿ ಇಲ್ಲಿಯೇ ರೂಪಿಸಿದರು. ಇನ್ನೊಂದೆಡೆ, ದೊಡ್ಡ ಆಸ್ಪತ್ರೆಗಳಲ್ಲಿ ಹೃದಯದ ಎಂಆರ್‌ಐ ಬಳಕೆ ಹೆಚ್ಚುತ್ತಿದೆ. ಪೊರೆಯಲ್ಲಿ ಉರಿಯೂತ ಇನ್ನೂ ಇದೆಯೇ, ಔಷಧಿ ನಿಲ್ಲಿಸಬಹುದೇ ಎಂಬುದನ್ನು ಅದು ತೋರಿಸಬಲ್ಲದು. ನೀರು ಬೇಗ ಬೇಗ ತುಂಬಿಕೊಂಡು ಹೃದಯವನ್ನೇ ಒತ್ತತೊಡಗಿದರೆ ಮಾತ್ರ ಪರೀಕ್ಷೆಗಳಿಗೆ ಕಾಯುತ್ತ ಕೂರುವಂತಿಲ್ಲ. ಎಕೋ ನೋಡುತ್ತ ಸೂಜಿ ಹಾಕಿ ನೀರು ತೆಗೆಯುವುದೇ ಆಗ ಜೀವ ಉಳಿಸುವ ಚಿಕಿತ್ಸೆ.

ಗೌರಿ ಹೂವಿನ ಗಿಡದಲ್ಲೂ ಇರುವ ಔಷಧಿ

ಶ್ರೀಮಂತ ದೇಶಗಳಲ್ಲಿ ಪೆರಿಕಾರ್ಡೈಟಿಸ್‌ಗೆ ಹೆಚ್ಚಾಗಿ ವೈರಸ್ ಕಾರಣ ಎಂದು ನಂಬಲಾಗಿದೆ. ಅನೇಕರಲ್ಲಿ ಕಾರಣ ಸಿಗುವುದೇ ಇಲ್ಲ. ಆಸ್ಪಿರಿನ್ ಅಥವಾ ಐಬುಪ್ರೊಫೆನ್‌ನಿಂದ ಹಲವರು ಗುಣವಾಗುತ್ತಾರೆ. ತೊಂದರೆಯಿರುವುದು ಕಾಯಿಲೆ ಮರುಕಳಿಸುವುದರಲ್ಲಿ. ಮೊದಲ ಸಲ ಬಂದವರಲ್ಲಿ ನೂರಕ್ಕೆ 15ರಿಂದ 30 ಜನರಿಗೆ ಅದು ಮತ್ತೆ ಬರುತ್ತದೆ. ಸ್ಟೀರಾಯ್ಡ್ ಕೊಟ್ಟರೆ ನೋವು ಬೇಗ ಇಳಿಯುತ್ತದೆ, ಆದರೆ ಮರುಕಳಿಸುವ ಸಂಭವ ಹೆಚ್ಚುತ್ತದೆ.

ಮರುಕಳಿಕೆಯನ್ನು ತಡೆಯಲು ನೆರವಾದದ್ದು ಕಾಲ್ಚಿಸಿನ್. ಯೂರೋಪಿನಲ್ಲಿ ಇದನ್ನು ಶರತ್ಕಾಲದಲ್ಲಿ ಅರಳುವ ಕಾಲ್ಚಿಕಮ್ ಗಿಡದಿಂದ ತೆಗೆಯುತ್ತಿದ್ದರು. ಇದೇ ಪದಾರ್ಥ ಮಲೆನಾಡಿನ ಬೇಲಿಗಳಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವಿನ, ಅಂದರೆ ಅಗ್ನಿಶಿಖೆಯ, ಗಡ್ಡೆ ಮತ್ತು ಬೀಜಗಳಲ್ಲೂ ಇದೆ. ತಮಿಳುನಾಡಿನ ರೈತರು ಬೀಜಕ್ಕಾಗಿಯೇ ಈ ಬಳ್ಳಿಯನ್ನು ಬೆಳೆಯುತ್ತಾರೆ. ಬೀಜ ವಿದೇಶಿ ಔಷಧಿ ಕಾರ್ಖಾನೆಗಳಿಗೂ ಹೋಗುತ್ತದೆ. ಗಿಡದ ಎಲ್ಲ ಭಾಗಗಳೂ ಕಡು ವಿಷ. ಮಾತ್ರೆಯಾಗಿ ಅಳೆದು ಕೊಟ್ಟಾಗ ಮಾತ್ರ ಅದು ಔಷಧಿ. ಗಡ್ಡೆಯನ್ನು ಮನೆಮದ್ದಾಗಿ ತಿಂದರೆ ಪ್ರಾಣಕ್ಕೇ ಕುತ್ತು.

ಗೌಟ್ ಎಂಬ ಕೀಲುನೋವಿಗೆ ಶತಮಾನಗಳಿಂದ ಬಳಕೆಯಲ್ಲಿದ್ದ ಕಾಲ್ಚಿಸಿನ್ ಹೃದಯದ ಪೊರೆಗೂ ಆಗುತ್ತದೆ ಎಂಬುದನ್ನು ಇಟಲಿಯ ಮಾಸ್ಸಿಮೊ ಇಮಾಝಿಯೊ ಮತ್ತು ಸಂಗಡಿಗರು ಒಂದರ ಮೇಲೊಂದು ಪ್ರಯೋಗ ನಡೆಸಿ ತೋರಿಸಿದರು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 240 ರೋಗಿಗಳಿದ್ದರು. ಕಾಲ್ಚಿಸಿನ್ ಪಡೆದವರಲ್ಲಿ ಶೇ 16.7 ಜನರಿಗೆ ಕಾಯಿಲೆ ಮುಂದುವರಿಯಿತು ಅಥವಾ ಮರುಕಳಿಸಿತು. ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಆ ಪ್ರಮಾಣ ಶೇ 37.5.

ಹಳೆಯ ಔಷಧಿಗೆ ಹೊಸ ಉಪಯೋಗ ಸಿಕ್ಕಿತು, ಆದರೆ ಅಮೆರಿಕದಲ್ಲಿ ಅದೇ ಹೊತ್ತಿಗೆ ಅದರ ಬೆಲೆ ಏರಿತು. ಔಪಚಾರಿಕ ಅನುಮತಿಯಿಲ್ಲದೆ ದಶಕಗಳಿಂದ ಮಾರಾಟವಾಗುತ್ತಿದ್ದ ಕಾಲ್ಚಿಸಿನ್‌ಗೆ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2009ರಲ್ಲಿ ಒಂದು ಕಂಪನಿಯ ಹೆಸರಿನಲ್ಲಿ ಅನುಮತಿ ಕೊಟ್ಟು, ಕೆಲವು ವರ್ಷಗಳ ಏಕಸ್ವಾಮ್ಯವನ್ನೂ ನೀಡಿತು. ಸುಮಾರು 9 ಸೆಂಟ್ ಇದ್ದ ಮಾತ್ರೆ 5 ಡಾಲರಿನ ಹತ್ತಿರಕ್ಕೆ ಹೋಯಿತು. 2012ರಲ್ಲಿ ಜಪಾನಿನ ಟಕೇಡಾ ಆ ಕಂಪನಿಯನ್ನು 80 ಕೋಟಿ ಡಾಲರ್ ಕೊಟ್ಟು ಕೊಂಡಿತು. ಭಾರತದಲ್ಲಿ ಇಂದಿಗೂ ಇದು ಕೆಲವೇ ರೂಪಾಯಿಗೆ ಸಿಗುವ ಮಾತ್ರೆ. ಔಷಧಿಯ ಬೆಲೆಯನ್ನು ಅದರೊಳಗಿನ ಪದಾರ್ಥಕ್ಕಿಂತ ಮಾರಾಟದ ಹಕ್ಕು ಯಾರ ಕೈಯಲ್ಲಿದೆ ಎಂಬುದೇ ಹೆಚ್ಚಾಗಿ ನಿರ್ಧರಿಸುತ್ತದೆ.

ಇಂಟರ್‌ಲ್ಯೂಕಿನ್ ತಡೆಯುವ ಚುಚ್ಚುಮದ್ದು

ಕಾಲ್ಚಿಸಿನ್‌ಗೂ ಬಗ್ಗದೆ ಮತ್ತೆ ಮತ್ತೆ ನರಳುವ ರೋಗಿಗಳಿದ್ದಾರೆ. ಪೊರೆಯ ಗಾಯಗೊಂಡ ಜೀವಕೋಶಗಳು ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಾಹಕ ಪ್ರೋಟೀನನ್ನು ಹೊರಬಿಡುತ್ತವೆ; ಅದು ಉರಿಯೂತವನ್ನು ಕೆರಳಿಸಿ ಇನ್ನಷ್ಟು ಜೀವಕೋಶಗಳನ್ನು ಗಾಯಗೊಳಿಸುತ್ತದೆ. ಈ ಸುಳಿಯನ್ನು ಮುರಿಯುವುದೇ ಹೊಸ ಔಷಧಿಗಳ ಕೆಲಸ. 2016ರಲ್ಲಿ 21 ರೋಗಿಗಳ ಸಣ್ಣ ಪ್ರಯೋಗವೊಂದು ಅನಾಕಿನ್ರಾ ಎಂಬ ಔಷಧಿಯಿಂದ ಇದು ಸಾಧ್ಯವೆಂದು ತೋರಿಸಿತು. ಆಮೇಲೆ ಬಂದದ್ದು ರಿಲೋನಸೆಪ್ಟ್.

ಅಮೆರಿಕದ ರೀಜೆನೆರಾನ್ ತಯಾರಿಸಿದ ರಿಲೋನಸೆಪ್ಟ್‌ಗೆ 2008ರಲ್ಲೇ ಬೇರೊಂದು ಅಪರೂಪದ ಆನುವಂಶಿಕ ಕಾಯಿಲೆಗಾಗಿ ಅನುಮತಿ ಸಿಕ್ಕಿತ್ತು. ಕಿನಿಕ್ಸಾ ಎಂಬ ಕಂಪನಿ ಅದರ ಹಕ್ಕು ಪಡೆದು ಪೆರಿಕಾರ್ಡೈಟಿಸ್‌ನಲ್ಲಿ ಪರೀಕ್ಷಿಸಿತು. ಔಷಧಿ ಮುಂದುವರಿಸಿದ 30 ಜನರಲ್ಲಿ ಇಬ್ಬರಿಗೆ, ಹುಸಿಮದ್ದಿಗೆ ಬದಲಾದ 31 ಜನರಲ್ಲಿ 23 ಮಂದಿಗೆ ಕಾಯಿಲೆ ಮರುಕಳಿಸಿತು. 2021ರ ಮಾರ್ಚಿನಲ್ಲಿ ಎಫ್‌ಡಿಎ ಒಪ್ಪಿಗೆ ನೀಡಿತು. ಮರುಕಳಿಸುವ ಪೆರಿಕಾರ್ಡೈಟಿಸ್‌ಗೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಔಷಧಿ ಇದು. ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚಿಕೊಳ್ಳಬೇಕು.

ಅದರ ಮಾರಾಟ 2021ರಲ್ಲಿ ಸುಮಾರು 3.85 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 41.7 ಕೋಟಿ ಡಾಲರಿಗೆ ಏರಿತು. ಈ ಏರಿಕೆಗೆ ಕಾರಣ ಅಮೆರಿಕದ ಕಾನೂನಿನಲ್ಲೂ ಇದೆ. 1983ರಲ್ಲಿ ಅಲ್ಲಿ ಜಾರಿಗೆ ಬಂದ ಕಾಯಿದೆಯೊಂದು 2 ಲಕ್ಷಕ್ಕಿಂತ ಕಡಿಮೆ ಜನರನ್ನು ಬಾಧಿಸುವ ಕಾಯಿಲೆಗಳನ್ನು ಅಪರೂಪದ ಕಾಯಿಲೆಗಳೆಂದು ಪರಿಗಣಿಸಿ, ಅವುಗಳ ಔಷಧಿಗೆ ಏಳು ವರ್ಷಗಳ ಏಕಸ್ವಾಮ್ಯ ಕೊಡುತ್ತದೆ. ರೋಗಿಗಳು ಕಡಿಮೆ, ಆದರೆ ಪ್ರತಿಸ್ಪರ್ಧಿಗಳಿಲ್ಲ, ವಿಮಾ ಕಂಪನಿಗಳು ಹೆಚ್ಚಿನ ಬೆಲೆ ಕೊಡುತ್ತವೆ. ಹೀಗಾಗಿ ಬಂಡವಾಳ ಇತ್ತ ತಿರುಗಿತು. ಈಗ ತಿಂಗಳಿಗೊಮ್ಮೆ ಚುಚ್ಚಿಕೊಂಡರೆ ಸಾಕಾಗುವ ಔಷಧಿಗಳು ಪ್ರಯೋಗದಲ್ಲಿವೆ. ಕೆನಡಾದ ಕಾರ್ಡಿಯಾಲ್ ಕಂಪನಿ ಬಾಯಿಂದ ತೆಗೆದುಕೊಳ್ಳುವ ಕ್ಯಾನಬಿಡಿಯಾಲ್ ಔಷಧಿಯನ್ನು ಮೂರನೇ ಹಂತದ ಪ್ರಯೋಗಕ್ಕೆ ತಂದಿದೆ. ಚುಚ್ಚುಮದ್ದಿನಿಂದ ಮಾತ್ರೆಯತ್ತ, ವಾರದಿಂದ ತಿಂಗಳತ್ತ ಎಂಬುದು ಸದ್ಯದ ದಿಕ್ಕು.

ಕ್ಷಯದ ಪೆರಿಕಾರ್ಡೈಟಿಸ್

ಭಾರತ ಮತ್ತು ಆಫ್ರಿಕದ ದೇಶಗಳಲ್ಲಿ ಚಿತ್ರವೇ ಬೇರೆ. ಇಲ್ಲಿ ಹೃದಯದ ಹೊರಪೊರೆಯ ಉರಿಯೂತಕ್ಕೆ ಕ್ಷಯ ಒಂದು ಮುಖ್ಯ ಕಾರಣ. ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ: ಸಂಜೆ ಜ್ವರ, ತೂಕ ಇಳಿಕೆ, ಏದುಸಿರು, ಕಾಲು ಬಾವು. ಚಿಕಿತ್ಸೆ ತಡವಾದರೆ ಪೊರೆ ದಪ್ಪಗಾಗಿ, ಗಟ್ಟಿಯಾಗಿ, ಹೃದಯ ಹಿಗ್ಗದಂತೆ ಹಿಡಿದುಬಿಡುತ್ತದೆ. ಆಗ ಎದೆ ತೆರೆದು ಪೊರೆಯನ್ನೇ ಸುಲಿದು ತೆಗೆಯುವ ಕಷ್ಟದ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಪೊರೆಯ ನೀರಿನಲ್ಲಿ ಕ್ಷಯದ ರೋಗಾಣುಗಳು ಬಹಳ ಕಡಿಮೆ ಇರುವುದರಿಂದ ಪತ್ತೆ ಕಷ್ಟ. ಎಡಿಎ ಎಂಬ ಕಿಣ್ವದ ಅಗ್ಗದ ಪರೀಕ್ಷೆ ಸುಳಿವು ಕೊಡುತ್ತದೆ. ರೋಗಾಣುವಿನ ಡಿಎನ್‌ಎಯನ್ನೇ ಗುರುತಿಸುವ ಸಿಬಿನಾಟ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಫಲಿತಾಂಶ ನೀಡುತ್ತದೆ. ಆದರೂ ಪೊರೆಯ ನೀರಿನಲ್ಲಿ ಅದು ಎಲ್ಲ ರೋಗಿಗಳನ್ನೂ ಪತ್ತೆ ಮಾಡಲಾರದು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವಾದ ಮೊಲ್‌ಬಯೋ ತಯಾರಿಸುವ ಟ್ರೂನಾಟ್ ಇದೇ ಬಗೆಯ ಪರೀಕ್ಷೆಯನ್ನು ಬ್ಯಾಟರಿ ಯಂತ್ರದಲ್ಲಿ ಮಾಡುತ್ತದೆ. ಶ್ವಾಸಕೋಶದ ಕ್ಷಯದ ಪತ್ತೆಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದನ್ನು ಶಿಫಾರಸು ಮಾಡಿತು. ಮೂಲ ಕ್ಷಯ ಬೇಗ ಸಿಕ್ಕಷ್ಟೂ ಅದು ಹೃದಯದ ಪೊರೆಗೆ ಹಬ್ಬುವುದು ತಪ್ಪುತ್ತದೆ.

ಚಿಕಿತ್ಸೆಗೆ ನಾಲ್ಕು ಔಷಧಿಗಳಿಂದ ಆರಂಭವಾಗುವ, ಸಾಮಾನ್ಯವಾಗಿ ಆರು ತಿಂಗಳ ಕ್ಷಯ ಚಿಕಿತ್ಸೆಯೇ ಆಧಾರ; ಭಾರತದಲ್ಲಿ ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ. ಜೊತೆಗೆ ಸ್ಟೀರಾಯ್ಡ್ ಬೇಕೇ ಎಂಬ ಹಳೆಯ ಪ್ರಶ್ನೆಗೆ ದಕ್ಷಿಣ ಆಫ್ರಿಕದ ಬೊಂಗಾನಿ ಮಯೋಸಿ ನೇತೃತ್ವದ ತಂಡ 1,400 ರೋಗಿಗಳ ಪ್ರಯೋಗ ನಡೆಸಿ 2014ರಲ್ಲಿ ಉತ್ತರ ಕೊಟ್ಟಿತು. ಸ್ಟೀರಾಯ್ಡ್‌ನಿಂದ ಸಾವು ತಗ್ಗಲಿಲ್ಲ, ಆದರೆ ಪೊರೆ ಬಿಗಿಯುವ ತೊಂದರೆ ಕಡಿಮೆಯಾಯಿತು. ಈ ಪ್ರಯೋಗದಿಂದ ಯಾವ ದುಬಾರಿ ಔಷಧಿಯೂ ಹುಟ್ಟಲಿಲ್ಲ. ಬಡ ದೇಶಗಳ ವೈದ್ಯರಿಗೆ ಬೇಕಿದ್ದ ತಿಳಿವಳಿಕೆ ಮಾತ್ರ ಅದರಿಂದ ದೊರೆಯಿತು.

ಒಳಪೊರೆಯ ಸೋಂಕು

ಎಂಡೋಕಾರ್ಡೈಟಿಸ್ ಇನ್ನೂ ಅಪಾಯಕಾರಿ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಹಾಳಾದ ಕವಾಟದ ಮೇಲೆ ಕುಳಿತು ಗಡ್ಡೆಯಂತೆ ಬೆಳೆಯುತ್ತದೆ. ಆ ಗಡ್ಡೆಯ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಚಿಕಿತ್ಸೆಯಿಲ್ಲದಿದ್ದರೆ ಸಾವು ಬಹುತೇಕ ಖಚಿತ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 10.9 ಲಕ್ಷ ಜನರಿಗೆ ಇದು ಬಂದು, 66 ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದು ಜಾಗತಿಕ ರೋಗಭಾರದ ಅಂದಾಜು ಹೇಳುತ್ತದೆ. ಭಾರತದಲ್ಲಿ ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟಗಳು ಈಗಲೂ ದೊಡ್ಡ ಕಾರಣ. ಶ್ರೀಮಂತ ದೇಶಗಳಲ್ಲಿ ಕೃತಕ ಕವಾಟ ಮತ್ತು ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಲ್ಲಿ ಇದು ಹೆಚ್ಚುತ್ತಿದೆ.

ರೋಗಪತ್ತೆಗೆ ಬ್ಲಡ್ ಕಲ್ಚರ್ ಮತ್ತು ಎಕೋ ಎರಡು ಕಣ್ಣುಗಳಿದ್ದಂತೆ. ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಕಲ್ಚರಿಗೆ ರಕ್ತ ತೆಗೆಯಬೇಕು. ಜ್ವರಕ್ಕೆಂದು ಅಂಗಡಿಯಿಂದ ತಂದು ನುಂಗಿದ ಎರಡು ಮಾತ್ರೆಯೂ ರೋಗಾಣುವನ್ನು ಪರೀಕ್ಷೆಯಿಂದ ಮರೆಮಾಡಬಲ್ಲದು. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ ಪತ್ತೆಸೂತ್ರಗಳನ್ನು 2023ರಲ್ಲಿ ಪರಿಷ್ಕರಿಸಿ ಪೆಟ್-ಸಿಟಿ ಮತ್ತು ಹೃದಯದ ಸಿಟಿಗೂ ಜಾಗ ಕೊಡಲಾಯಿತು. ಕೃತಕ ಕವಾಟದಲ್ಲಿ ಎಕೋಗೆ ಕಾಣದ ಸೋಂಕನ್ನು ಪೆಟ್-ಸಿಟಿ ಹಿಡಿಯಬಲ್ಲದು. ಹೀಗಾಗಿ ದುಬಾರಿ ಸ್ಕ್ಯಾನಿಂಗ್‌ಗೆ ಬೇಡಿಕೆ ಬೆಳೆಯುತ್ತಿದೆ.

ಔಷಧಿಯಲ್ಲಿ ಮಾತ್ರ ಬಂಡವಾಳ ಹಿಂಜರಿಯುತ್ತಿದೆ. ಹೊಸ ಆ್ಯಂಟಿಬಯೋಟಿಕ್ ಬಂದರೂ ಅದನ್ನು ಕೊನೆಯ ಅಸ್ತ್ರವಾಗಿ ಕಾದಿಡಬೇಕು. ಕೆಲವು ವಾರಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ಹಾಗಾಗಿ ಮಾರಾಟ ಕಡಿಮೆ. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಎಕ್ಸೆಬಕೇಸ್ ಎಂಬ ಹೊಸ ಬಗೆಯ ಔಷಧಿಯ ದೊಡ್ಡ ಪ್ರಯೋಗ 2022ರಲ್ಲಿ ವಿಫಲವಾಗಿ ನಿಂತಿತು. ಅದನ್ನು ತಯಾರಿಸಿದ ಕಾಂಟ್ರಾಫೆಕ್ಟ್ ಮರುವರ್ಷ ದಿವಾಳಿಯಾಯಿತು. 2024ರಲ್ಲಿ ಅಮೆರಿಕದಲ್ಲಿ ಸೆಫ್ಟೊಬಿಪ್ರೋಲ್‌ಗೆ ರಕ್ತದ ಸ್ಟ್ಯಾಫಿಲೊಕಾಕಸ್ ಸೋಂಕಿಗೆ, ಹೃದಯದ ಬಲಭಾಗದ ಎಂಡೋಕಾರ್ಡೈಟಿಸ್ ಸಹಿತ, ಒಪ್ಪಿಗೆ ಸಿಕ್ಕಿದ್ದು ಅಪರೂಪದ ಗೆಲುವು.

ಹೆಚ್ಚು ಪರಿಣಾಮ ಬೀರಿದ ಬದಲಾವಣೆ ಹಳೆಯ ಔಷಧಿಗಳಿಂದಲೇ ಬಂತು. ನಾಲ್ಕರಿಂದ ಆರು ವಾರ ಆಸ್ಪತ್ರೆಯಲ್ಲಿದ್ದು ರಕ್ತನಾಳದ ಮೂಲಕ ಔಷಧಿ ಪಡೆಯುವುದೇ ಈ ಕಾಯಿಲೆಯಲ್ಲಿ ರೂಢಿ. ಡೆನ್ಮಾರ್ಕಿನಲ್ಲಿ 400 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ, ಸ್ಥಿತಿ ಸುಧಾರಿಸಿದವರಿಗೆ ಉಳಿದ ದಿನಗಳಲ್ಲಿ ಮಾತ್ರೆ ಕೊಟ್ಟರೂ ಸಾಕೆಂದು ತೋರಿಸಿತು: ಗಂಭೀರ ತೊಂದರೆಗಳು ಮಾತ್ರೆ ಪಡೆದವರಲ್ಲಿ ಶೇ 9, ಇಂಜೆಕ್ಷನ್ ಮುಂದುವರಿಸಿದವರಲ್ಲಿ ಶೇ 12.1. ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಇರಬೇಕಾದ ಕುಟುಂಬಕ್ಕೆ ಇದು ಹೊಸ ಔಷಧಿಯಷ್ಟೇ ಬೆಲೆಯುಳ್ಳದ್ದು. ಪೇಸ್‌ಮೇಕರನ್ನು ಆ್ಯಂಟಿಬಯೋಟಿಕ್ ಲೇಪಿತ ಜಾಲರಿ ಚೀಲದಲ್ಲಿಟ್ಟು ಅಳವಡಿಸಿದರೆ ಸೋಂಕು ಶೇ 1.2ರಿಂದ 0.7ಕ್ಕೆ ಇಳಿಯುತ್ತದೆಂದು 2019ರ ಪ್ರಯೋಗ ಹೇಳಿತು. ಅದೂ ಈಗ ಒಂದು ಮಾರುಕಟ್ಟೆಯಾಗಿದೆ.

ಮುಂದಿನ ದಾರಿ

ಒಟ್ಟಾರೆ ಮೂರು ಹರಿವುಗಳು ಕಾಣುತ್ತವೆ. ಮರುಕಳಿಸುವ ಪೆರಿಕಾರ್ಡೈಟಿಸ್‌ನಲ್ಲಿ ದುಬಾರಿ ಜೈವಿಕ ಔಷಧಿಗಳು ಬೆಳೆಯುತ್ತಿವೆ. ಏಕಸ್ವಾಮ್ಯ ಮುಗಿದು ಪೈಪೋಟಿ ಬಂದಾಗ ಬೆಲೆ ಇಳಿದೀತು. ರೋಗಪತ್ತೆಯಲ್ಲಿ ಒಂದು ದಾರಿ ಎಂಆರ್‌ಐ, ಪೆಟ್-ಸಿಟಿಯತ್ತ, ಇನ್ನೊಂದು ದಾರಿ ಹಳ್ಳಿಗೂ ತಲುಪುವ ಸಣ್ಣ ಯಂತ್ರಗಳತ್ತ ಹೋಗುತ್ತಿದೆ. ಕ್ಷಯ, ರುಮ್ಯಾಟಿಕ್ ಜ್ವರ, ಎಂಡೋಕಾರ್ಡೈಟಿಸ್‌ಗಳಲ್ಲಿ ಲಾಭದ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಮುಂದಡಿ ಇಟ್ಟಿರುವುದು ಸಾರ್ವಜನಿಕ ಆಸ್ಪತ್ರೆಗಳು ಮತ್ತು ವಿಶ್ವವಿದ್ಯಾಲಯಗಳ ಸಂಶೋಧನೆ.

ಭಾರತದ ರೋಗಿಗಳಲ್ಲಿ ಹೆಚ್ಚಿನವರು ಈ ಮೂರನೇ ಗುಂಪಿನವರು. ಅವರಿಗೆ ಬೇಕಾದ ಬಹುಪಾಲು ವಸ್ತುಗಳು ಈಗಲೇ ಇವೆ, ಅಗ್ಗವಾಗಿಯೂ ಇವೆ: ಇಸಿಜಿ, ಎಕೋ, ಹೊತ್ತಿಗೆ ಸರಿಯಾಗಿ ತೆಗೆದ ಬ್ಲಡ್ ಕಲ್ಚರ್, ಕ್ಷಯದ ಉಚಿತ ಚಿಕಿತ್ಸೆ, ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್. ಅವು ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗುವಂತಾದರೆ ಉಳಿಯುವ ಜೀವಗಳು ಹೊಸ ಚುಚ್ಚುಮದ್ದು ಉಳಿಸುವುದಕ್ಕಿಂತ ಹೆಚ್ಚು.