ಗಡ್ಡೆಯೊಳಗಿನ ಕಾವಲು ಕೋಶಗಳು

2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಸಂಪತ್‌ಕುಮಾರ್ ಶಿವಣಗಿ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. 300 ಹಾಸಿಗೆಗಳ ಈ ಆಸ್ಪತ್ರೆ ಬಂದ ಮೇಲೆ ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆಯವರ ದಾರಿ ಹತ್ತಿರವಾಗಿದೆ. ಕ್ಯಾನ್ಸರ್ ಎಂದ ಕೂಡಲೇ ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಎಂದು ಗಂಟುಮೂಟೆ ಕಟ್ಟುವುದು ಈ ಭಾಗಕ್ಕೆ ಹೊಸದಲ್ಲ. ಆದರೆ ಕ್ಯಾನ್ಸರ್‌ಗಳಲ್ಲೇ ಒಂದು ಬಗೆ, ಯಾವ ಊರಿನ ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ, ಇಂದಿಗೂ ವೈದ್ಯರ ಕೈಗೆ ಪೂರ್ತಿ ಸಿಕ್ಕಿಲ್ಲ. ಅದು ಮೆದುಳಿನ ಗ್ಲಯೋಬ್ಲಾಸ್ಟೋಮಾ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ ಸೇರಿಸಿದಾಗ ರೋಗಿಗಳ ಸರಾಸರಿ ಆಯಸ್ಸು ಸುಮಾರು 12 ತಿಂಗಳಿಂದ 14.6 ತಿಂಗಳಿಗೆ ಏರಿದ್ದೇ 2005ರ ದೊಡ್ಡ ಸುದ್ದಿಯಾಗಿತ್ತು.

ಏಕೆ ಹೀಗೆ? ಉತ್ತರದ ಒಂದು ಪಾಲು ಗಡ್ಡೆಯೊಳಗೇ ಇದೆ. ಹೊರತೆಗೆದ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಅಲ್ಲಿರುವವೆಲ್ಲ ಕ್ಯಾನ್ಸರ್ ಕೋಶಗಳಲ್ಲ. ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು, ರೋಗಿಯದೇ ರೋಗನಿರೋಧಕ ಕೋಶಗಳು. ಇವುಗಳಲ್ಲಿ ಎರಡು ಗುಂಪು. ಒಂದು, ರಕ್ತದಿಂದ ಬಂದು ಸೇರಿದ ಮ್ಯಾಕ್ರೋಫೇಜ್‌ಗಳು. ಇನ್ನೊಂದು, ಮೆದುಳಿನಲ್ಲೇ ನೆಲೆಸಿರುವ ಮೈಕ್ರೋಗ್ಲಿಯಾ. ಸ್ಪೇನಿನ ಪಿಯೋ ದೆಲ್ ರಿಯೋ ಓರ್ತೇಗಾ 1919ರಲ್ಲಿ ಈ ಎರಡನೆಯವನ್ನು ಮೊದಲ ಬಾರಿ ಸ್ಪಷ್ಟವಾಗಿ ಗುರುತಿಸಿದರು. ಭ್ರೂಣದಲ್ಲಿ ಮೂಳೆಮಜ್ಜೆ ರಕ್ತ ತಯಾರಿಸಲು ಶುರುಮಾಡುವ ಮುಂಚೆಯೇ ಹುಟ್ಟಿ, ಮೆದುಳಿಗೆ ಬಂದು, ಜೀವಮಾನವಿಡೀ ಅಲ್ಲೇ ಕಾವಲಿರುವ ಕೋಶಗಳಿವು. ಸೋಂಕು ಬಂದರೆ ತಡೆಯುವುದು, ಸತ್ತ ಕೋಶಗಳನ್ನು ತೆಗೆದುಹಾಕುವುದು ಇವುಗಳ ಕೆಲಸ.

ಗಡ್ಡೆ ಈ ಕಾವಲುಗಾರರನ್ನು ಕೊಲ್ಲುವುದಿಲ್ಲ, ಕರೆದು ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ. ಅದು ಬಿಡುವ ರಾಸಾಯನಿಕ ಸಂದೇಶಗಳಿಗೆ ಓಗೊಟ್ಟು ಬಂದ ಕೋಶಗಳು ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತವೆ. ಅದರಿಂದ ಗಡ್ಡೆಗೆ ಹರಡಲು ದಾರಿಯಾಗುತ್ತದೆ. ಹೊಸ ರಕ್ತನಾಳ ಬೆಳೆಸುವ ಪ್ರೋಟೀನ್‌ಗಳೂ ಹೊರಬರುತ್ತವೆ. ನಿಜವಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಟಿ ಕೋಶಗಳನ್ನು ಸುಮ್ಮನಾಗಿಸುವ ಸಂದೇಶಗಳೂ ಇವುಗಳಿಂದಲೇ ಹೋಗುತ್ತವೆ. ಗಾಯ ಮಾಯಿಸಲೆಂದು ದೇಹ ಹೂಡುವ ಉರಿಯೂತ ಇಲ್ಲಿ ಮುಗಿಯುವುದೇ ಇಲ್ಲ, ಅದರ ಫಲವೆಲ್ಲ ಗಡ್ಡೆಗೆ ಸಲ್ಲುತ್ತದೆ. ಆದ್ದರಿಂದ ‘ರೋಗನಿರೋಧಕ ಶಕ್ತಿ ಹೆಚ್ಚಿಸಿ’ ಎಂದು ಮಾರುವ ಪುಡಿ, ಕಷಾಯಗಳ ಮಾತು ಈ ಕಾಯಿಲೆಗೆ ಹೊಂದುವುದಿಲ್ಲ. ಇಲ್ಲಿ ಕೋಶಗಳಿಗೆ ಕೊರತೆಯಿಲ್ಲ, ಅವು ಮಾಡುತ್ತಿರುವ ಕೆಲಸ ಬೇರೆ.

ರೋಗಿಯ ಮನೆಯವರಿಗೆ ಈ ಉರಿಯೂತದ ಪರಿಣಾಮ ಕಣ್ಣಿಗೆ ಕಾಣುವುದು ಡೆಕ್ಸಾಮೆಥಾಸೋನ್ ಕೊಟ್ಟಾಗ. ಅಗ್ಗದ, ಹಳೆಯ ಸ್ಟೆರಾಯ್ಡ್ ಇದು. ಗಡ್ಡೆಯ ಸುತ್ತ ರಕ್ತನಾಳಗಳು ಸೋರಿ ಮೆದುಳು ಬಾತಿರುತ್ತದೆ. ಔಷಧಿ ಆ ಸೋರಿಕೆ ತಗ್ಗಿಸಿದೊಡನೆ ಒಂದೆರಡು ದಿನದಲ್ಲಿ ತಲೆನೋವು ಇಳಿಯುತ್ತದೆ, ಸೋತ ಕೈ ಎತ್ತಲು ಬರುತ್ತದೆ. ಗಡ್ಡೆ ಕರಗಿತೆಂದು ಮನೆಯವರು ನಂಬುತ್ತಾರೆ. ಕರಗಿರುವುದು ಬಾವು ಮಾತ್ರ. ಈ ಸ್ಟೆರಾಯ್ಡ್ ಟಿ ಕೋಶಗಳನ್ನೂ ಕುಗ್ಗಿಸುತ್ತದೆ, ಹಾಗಾಗಿ ವೈದ್ಯರು ಸಾಧ್ಯವಾದಷ್ಟು ಕಡಿಮೆ ಪ್ರಮಾಣಕ್ಕೆ ಇಳಿಸಲು ನೋಡುತ್ತಾರೆ. ಆದರೆ ಮನೆಯವರೇ ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮೊದಲ ಸಲ ಫಿಟ್ಸ್ ಬಂದವರ ಸ್ಕ್ಯಾನ್‌ನಲ್ಲಿ ಉಂಗುರದಂಥ ಗುರುತು ಕಂಡರೆ ಅದು ಗಡ್ಡೆಯೇ ಆಗಿರಬೇಕೆಂದಿಲ್ಲ. ಕ್ಷಯದ ಗಂಟಾಗಿರಬಹುದು, ಲಾಡಿಹುಳದ ಮರಿಕೋಶದ ಸುತ್ತ ಎದ್ದ ಉರಿಯೂತವಾಗಿರಬಹುದು. ಇವೆರಡೂ ಔಷಧಿಗೆ ಬಗ್ಗುವ ಕಾಯಿಲೆಗಳು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಗುರುತಿನ ಗಾತ್ರ 20 ಮಿಲಿಮೀಟರಿಗಿಂತ ಕಡಿಮೆ ಇದೆಯೇ, ತಲೆಯೊಳಗಿನ ಒತ್ತಡ ಏರಿದೆಯೇ ಎಂಬಂಥ ಸೂಚಕಗಳನ್ನು ಕೊಟ್ಟು, ಎಷ್ಟೋ ಜನರ ತಲೆಬುರುಡೆ ತೆರೆಯುವುದನ್ನು ತಪ್ಪಿಸಿದರು. ಭಾರತದ ವೈದ್ಯಕೀಯದ ಈ ಕೊಡುಗೆ ಜನರಿಗೆ ಇನ್ನಷ್ಟು ಗೊತ್ತಾಗಬೇಕು.

ಗಿಡಮೂಲಿಕೆಗಳ ಮಾತಿಗೆ ಬಂದರೆ, ಬೆಳಗಾವಿಯ ನೆಹರೂ ನಗರದಲ್ಲಿ ಹೇಳಲೇಬೇಕಾದ ಇನ್ನೊಂದು ಸಂಸ್ಥೆಯಿದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಶುರುವಾದ ಅದು ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ. ಪಶ್ಚಿಮಘಟ್ಟದ ಔಷಧಿ ಗಿಡಗಳ ಅಧ್ಯಯನ ಅದರ ಮುಖ್ಯ ಕೆಲಸ. ಘಟ್ಟದಲ್ಲಿ ಬೆಳೆಯುವ ನರಕ್ಯ ಎಂಬ, ಕೆಟ್ಟ ವಾಸನೆಯ ಸಣ್ಣ ಮರದಿಂದ ಕ್ಯಾಂಪ್ಟೊಥೆಸಿನ್ ಅಂಶವನ್ನೂ, ಕರಿಮೆಣಸಿನಿಂದ ಪೈಪರಿನ್ ಅನ್ನೂ ಬೇರ್ಪಡಿಸುವ ವಿಧಾನವನ್ನು ಇಲ್ಲಿನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಈ ಕ್ಯಾಂಪ್ಟೊಥೆಸಿನ್ ಮೊದಲು ಸಿಕ್ಕಿದ್ದು 1966ರಲ್ಲಿ, ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅವರಿಗೆ, ಚೀನಾ ಮೂಲದ ಮರವೊಂದರಲ್ಲಿ. ನಮ್ಮ ನರಕ್ಯದಲ್ಲೂ ಅದಿದೆ ಎಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. ಕ್ಯಾಂಪ್ಟೊಥೆಸಿನ್‌ನಿಂದ ರೂಪಿಸಿದ ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1996ರಲ್ಲಿ. ಮರುಕಳಿಸಿದ ಗ್ಲಯೋಬ್ಲಾಸ್ಟೋಮಾ ಮೇಲೂ ಅದನ್ನು ಪ್ರಯೋಗಿಸಿದ್ದಾರೆ. ತೊಗಟೆಯ ಅಂಶ ಔಷಧಿಯಾಗಲು 30 ವರ್ಷ ಹಿಡಿಯಿತು. ಉರಿಯೂತ ತಗ್ಗಿಸುತ್ತದೆಂದು ಅರಿಸಿನವನ್ನೇ ನೆಚ್ಚಿ ವಿಕಿರಣ ಚಿಕಿತ್ಸೆ ಬಿಡುವವರಿಗೆ ಈ ಚರಿತ್ರೆಯನ್ನು ಕೈಹಿಡಿದು ಹೇಳಬೇಕೆನಿಸುತ್ತದೆ. ನುಂಗಿದ ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಮೆದುಳಿನ ತಡೆಗೋಡೆ ದಾಟುವುದು ಅದಕ್ಕಿಂತಲೂ ಕಡಿಮೆ.

ಹೊಸ ದಾರಿಗಳು ತೆರೆಯುತ್ತಿವೆ. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಗಡ್ಡೆಯನ್ನು ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆ ಅದರಲ್ಲೊಂದು. ಮುಂಬೈ ಐಐಟಿ ಮತ್ತು ಟಾಟಾ ಆಸ್ಪತ್ರೆಯಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಅದು ರಕ್ತದ ಕ್ಯಾನ್ಸರ್‌ಗೆ. ಮೆದುಳಿನ ವಿಷಯದಲ್ಲಿ, ಬಾಸ್ಟನ್ನಿನ ವೈದ್ಯರು ಇಂಥ ಕೋಶಗಳನ್ನು ನೇರವಾಗಿ ಮೆದುಳಿನ ದ್ರವಕ್ಕೆ ಬಿಟ್ಟಾಗ ಮೂವರು ರೋಗಿಗಳ ಗಡ್ಡೆ ಕೆಲವೇ ದಿನಗಳಲ್ಲಿ ಕುಗ್ಗಿದ್ದು 2024ರಲ್ಲಿ ವರದಿಯಾಯಿತು. ಇಬ್ಬರಲ್ಲಿ ಅದು ಮತ್ತೆ ಬೆಳೆಯಿತು.

ಬೆಳಗಾವಿಯಲ್ಲಾಗಲಿ ಬೇರೆಡೆಯಾಗಲಿ ಗಡ್ಡೆಯ ಶಸ್ತ್ರಚಿಕಿತ್ಸೆಯಾದವರ ಮನೆಯವರು ಒಂದನ್ನು ಕೇಳಿ ತಿಳಿದುಕೊಳ್ಳಬೇಕು: ಪ್ಯಾಥಾಲಜಿ ವಿಭಾಗದಲ್ಲಿ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರು, ಅಂದರೆ ಬ್ಲಾಕ್, ಎಲ್ಲಿದೆ, ಬೇಕಾದಾಗ ಹೇಗೆ ಸಿಗುತ್ತದೆ. ಎರಡನೇ ಅಭಿಪ್ರಾಯಕ್ಕಾಗಲಿ, ಜೀನ್ ಪರೀಕ್ಷೆಗಾಗಲಿ, ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರಲಾಗಲಿ ವೈದ್ಯರು ಸ್ಕ್ಯಾನ್ ಚಿತ್ರಗಳ ಜೊತೆಗೆ ಅದನ್ನೇ ಕೇಳುತ್ತಾರೆ.