ದುರ್ಗದಿಂದ ಬೆಂಗಳೂರಿಗೆ ಬರೀ 14 ನಿಮಿಷ!

ಚಿತ್ರದುರ್ಗ, ಬೆಂಗಳೂರುಗಳ ಅಕ್ಷಾಂಶ–ರೇಖಾಂಶ ಹಾಕಿ ಲೆಕ್ಕ ಮಾಡಿದೆ. ಆಕಾಶದಲ್ಲಿ ಗೆರೆ ಎಳೆದರೆ ಸುಮಾರು 190 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ 14 ನಿಮಿಷ. ಲೆಕ್ಕವೇನೋ ಸರಿ, ಆದರೆ ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಇದ್ದರೂ ಚೆಕ್-ಇನ್, ಹತ್ತೋದು, ಇಳಿಯೋದು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬರೋದು ಎಲ್ಲ ಸೇರಿದರೆ ಬಸ್ಸಿನ ಸಮಯದ ಹತ್ತಿರಕ್ಕೇ ಬರುತ್ತೆ.

ಸರಿ, ನೆಲಕ್ಕಿಳಿಯೋಣ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು, ಶಿರಾ, ತುಮಕೂರು ಮೇಲೆ ಸುಮಾರು 200 ಕಿ.ಮೀ. ಅಂದರೆ ರಸ್ತೆ ಹೆಚ್ಚುಕಮ್ಮಿ ನೇರ.

ರೈಲು? ಹೊಳಲ್ಕೆರೆ, ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡು ಬಂದರೆ ಸುಮಾರು 300 ಕಿ.ಮೀ. ಹೊಸದುರ್ಗ ರೋಡ್ ಸ್ಟೇಷನ್ ಇದೆ, ಊರು ಮಾತ್ರ ಅಲ್ಲಿಂದ ದೂರ. ಹಿರಿಯೂರಿಗೆ ರೈಲೇ ಇಲ್ಲ.

ಈ ಸುತ್ತು ತಪ್ಪಿಸೋ ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಮಂಜೂರಾಗಿದ್ದು 2011-12ರಲ್ಲಿ. ಭೂಸ್ವಾಧೀನವೇ ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಆಗ ಒಂದನೇ ಕ್ಲಾಸಿಗೆ ಸೇರಿದ್ದ ಮಕ್ಕಳು ಮತದಾರರಾದರು.

ಊರಿಂದ ಊರಿಗೆ ದೂರ ಬದಲಾಗಲ್ಲ. ಸಮಯ ಬದಲಾಗುತ್ತೆ, ಅದನ್ನು ಬದಲಿಸೋದು ಬಜೆಟ್. ಚುನಾವಣೆಯಲ್ಲಿ ಯಾರಾದರೂ ವಿಮಾನದ ಕನಸು ತಂದರೆ ಮೊದಲು ಕೇಳಿ: ಹಿರಿಯೂರಿಗೆ ರೈಲು ಯಾವಾಗ ಸ್ವಾಮಿ?